ಕೊಡ ನೀರಿನ ರಾಜ್ಯಭಾರ

ರಾಜ್ಯ ಎಂದ ಕೂಡಲೇ ಮಕ್ಕಳ ಕಣ್ಣಮುಂದೆ ಬರುವುದು ಕೋಟೆ, ಕುದುರೆ, ಕತ್ತಿ. ಪರೀಕ್ಷೆಯ ಪ್ರಶ್ನೆಪತ್ರಿಕೆಯೂ ಅದನ್ನೇ ಕೇಳುತ್ತದೆ: ಯಾವ ಯುದ್ಧ, ಯಾವ ಇಸವಿ, ಗೆದ್ದವರು ಯಾರು? ಆ ರಾಜ್ಯದ ಜನ ಬೆಳಗಾಗೆದ್ದು ಮುಖ ತೊಳೆಯಲು ನೀರನ್ನು ಎಲ್ಲಿಂದ ತಂದರು ಎಂದು ಯಾವ ಪ್ರಶ್ನೆಪತ್ರಿಕೆಯೂ ಕೇಳುವುದಿಲ್ಲ. ಕೇಳಿದ್ದರೆ ಇತಿಹಾಸದ ಪುಸ್ತಕದ ಅರ್ಧದಷ್ಟನ್ನು ಹೊಸದಾಗಿ ಬರೆಯಬೇಕಾಗುತ್ತಿತ್ತೋ ಏನೋ!

1965ರಲ್ಲಿ ಅಮೆರಿಕದ ಫ್ರಾಂಕ್ ಹರ್ಬರ್ಟ್ 'ಡ್ಯೂನ್' ಎಂಬ ಕಾದಂಬರಿ ಬರೆದ. ಅದರಲ್ಲಿ ಮರಳೇ ತುಂಬಿದ ಒಂದು ಗ್ರಹ. ಮೈಯ ಬೆವರನ್ನೂ ಹಿಡಿದಿಟ್ಟು, ಶುದ್ಧಮಾಡಿ ಮತ್ತೆ ಕುಡಿಯುವ ಜನ. ಆ ಮರಳಿನಲ್ಲಿ ಸಿಗುವ ಅಪರೂಪದ ವಸ್ತುವೊಂದರ ವ್ಯಾಪಾರಕ್ಕಾಗಿ ಕಚ್ಚಾಡುವ ದೊಡ್ಡ ದೊಡ್ಡ ಮನೆತನಗಳು. 2021ರಲ್ಲಿ ಮತ್ತು 2024ರಲ್ಲಿ ಈ ಕಥೆ ಸಿನಿಮಾ ಆಗಿ ಬಂದಾಗ ನಮ್ಮ ಕಾಲೇಜು ಹುಡುಗರೂ ಮುಗಿಬಿದ್ದು ನೋಡಿದರು. ನೀರು ಮತ್ತು ವ್ಯಾಪಾರ ಎರಡನ್ನೂ ಹಿಡಿದವನೇ ಮರುಭೂಮಿಯ ಒಡೆಯ ಎಂಬ ಕಲ್ಪನೆ ಅವರಿಗೆ ಹೊಸದಾಗಿ ಕಂಡಿತು. ಆದರೆ ಅದನ್ನು ನೋಡಲು ಬೇರೆ ಗ್ರಹಕ್ಕೆ ಹೋಗಬೇಕಾಗಿಲ್ಲ. ನಮ್ಮ ದೇಶದ ಪಶ್ಚಿಮದ ಅಂಚಿನಲ್ಲಿ, ಥಾರ್ ಮರುಭೂಮಿಯ ನಡುವೆ, ಅಂಥದೊಂದು ರಾಜ್ಯ ಹತ್ತಿರ ಹತ್ತಿರ ಎಂಟುನೂರು ವರ್ಷ ಬಾಳಿತು. ಅದರ ಹೆಸರು ಜೈಸಲ್ಮೇರ್.

ಅಲ್ಲಿ ವರ್ಷಕ್ಕೆ ಬೀಳುವ ಮಳೆ ಸರಾಸರಿ 150ರಿಂದ 200 ಮಿಲಿಮೀಟರ್. ಅದೂ ನಂಬುವಂಥದ್ದಲ್ಲ, ಒಂದು ವರ್ಷ ಬಂದರೆ ಮುಂದಿನ ಎರಡು ವರ್ಷ ಮೋಡ ಮುಖ ತೋರಿಸದೆಯೂ ಇರಬಹುದು. ವರ್ಷವಿಡೀ ಹರಿಯುವ ನದಿ ಒಂದೂ ಇಲ್ಲ. ಬಾವಿ ತೋಡಿದರೆ ನೂರಾರು ಅಡಿ ಕೆಳಗೆ ಸಿಗುವ ನೀರು ಬಹುತೇಕ ಕಡೆ ಉಪ್ಪು. ಇಂಥ ಕಡೆ ಬದುಕುವುದೇ ಸಾಹಸ ಎನ್ನುವಾಗ ರಾಜಧಾನಿ ಕಟ್ಟುವ ಹುಚ್ಚು ಯಾರಿಗೆ ಬಂದೀತು?

ಬಂದದ್ದು ಭಾಟಿ ರಜಪೂತರಿಗೆ. ಅವರ ಹಳೆಯ ರಾಜಧಾನಿ ಲೋದ್ರುವಾ. ಅದು ಬಯಲಿನ ಊರು. ಶತ್ರುಗಳಿಗೆ ಸುಲಭದ ತುತ್ತು. 1156ರಲ್ಲಿ ರಾವಲ್ ಜೈಸಲ್ ಅಲ್ಲಿಂದ ಸುಮಾರು 15 ಕಿಲೋಮೀಟರ್ ದೂರದ ತ್ರಿಕೂಟ ಎಂಬ ಗುಡ್ಡದ ಮೇಲೆ ಹೊಸ ಕೋಟೆಗೆ ಅಡಿಪಾಯ ಹಾಕಿದ. ಹಳದಿ ಕಲ್ಲಿನ ಆ ಕೋಟೆಗೆ 99 ಬುರುಜುಗಳು. ಸಂಜೆಯ ಬಿಸಿಲಿಗೆ ಇಡೀ ಗುಡ್ಡ ಬಂಗಾರದ ಮುದ್ದೆಯಂತೆ ಹೊಳೆಯುತ್ತದೆ. ಸತ್ಯಜಿತ್ ರಾಯ್ ತಮ್ಮ 1974ರ ಮಕ್ಕಳ ಚಿತ್ರಕ್ಕೆ 'ಸೋನಾರ್ ಕೆಲ್ಲಾ', ಅಂದರೆ ಚಿನ್ನದ ಕೋಟೆ ಎಂದು ಹೆಸರಿಟ್ಟದ್ದು ಇದನ್ನು ಕಂಡೇ. ಭಾಟಿ ಅರಸರು ತಮ್ಮನ್ನು ಕೃಷ್ಣನ ಯದುವಂಶದವರು ಎಂದು ಹೇಳಿಕೊಂಡರು. ಅವರ ರಾಜಛತ್ರಕ್ಕೆ ಮೇಘಾಡಂಬರ ಎಂದು ಹೆಸರು. ಮೋಡವೇ ಅಪರೂಪವಾದ ನಾಡಿನ ದೊರೆಗೆ ಮೋಡದ ಹೆಸರಿನ ಕೊಡೆ! ಬಿಸಿಲಿನಲ್ಲಿ ನಿಂತವನಿಗೇ ನೆರಳಿನ ಬೆಲೆ ಗೊತ್ತು.

ಗುಡ್ಡದ ಮೇಲೆ ಕೋಟೆ ಕಟ್ಟಿದ್ದಕ್ಕೆ ರಕ್ಷಣೆಯೊಂದೇ ಕಾರಣವಲ್ಲ. ಸಿಂಧ್, ಮುಲ್ತಾನ್ ಕಡೆಯಿಂದ ಗುಜರಾತ್, ಮಾಳವ, ದಿಲ್ಲಿಗಳ ಕಡೆಗೆ ಹೋಗುವ ಒಂಟೆಗಳ ಸಾಲು ಆ ದಾರಿಯಲ್ಲೇ ಹಾದುಹೋಗುತ್ತಿತ್ತು. ಕುದುರೆ, ರೇಷ್ಮೆ, ಒಣಹಣ್ಣು, ದಂತ, ಮುಂದಿನ ಕಾಲದಲ್ಲಿ ಮಾಳವದ ಅಫೀಮು, ಎಲ್ಲವೂ ಒಂಟೆಯ ಬೆನ್ನೇರಿ ಬರುತ್ತಿದ್ದವು. ಮರುಭೂಮಿಯಲ್ಲಿ ವರ್ತಕನಿಗೆ ಎರಡು ಭಯ: ದರೋಡೆ ಮತ್ತು ದಾಹ. ಮೊದಮೊದಲು ಭಾಟಿಗಳೇ ದರೋಡೆಗೆ ಹೆಸರಾದವರು. ದಿಲ್ಲಿಗೆ ಹೋಗುತ್ತಿದ್ದ ಖಜಾನೆಯನ್ನು ದೋಚಿದ್ದಕ್ಕೇ ಸುಲ್ತಾನನ ಸೈನ್ಯ ಕೋಟೆಗೆ ಮುತ್ತಿಗೆ ಹಾಕಿತೆಂದು ಲಾವಣಿಕಾರರು ಹಾಡುತ್ತ ಬಂದಿದ್ದಾರೆ. ಆದರೆ ಕಾಲಕ್ರಮದಲ್ಲಿ ಅವರಿಗೊಂದು ಸತ್ಯ ಹೊಳೆಯಿತು. ದೋಚಿದರೆ ಒಂದು ಸಲ ಸಿಗುತ್ತದೆ. ಕಾದು ಕಳಿಸಿದರೆ ವರ್ಷವರ್ಷವೂ ಸಿಗುತ್ತದೆ. ದಾರಿ ಕಾಯುವುದಕ್ಕೆ ಸುಂಕ, ಇಳಿದುಕೊಳ್ಳಲು ಜಾಗ, ಒಂಟೆಗೂ ಆಳಿಗೂ ನೀರು. ರಾಜ್ಯದ ಬೊಕ್ಕಸ ತುಂಬಿದ್ದು ಹೊಲದ ಕಂದಾಯಕ್ಕಿಂತ ಹೆಚ್ಚಾಗಿ ಈ ಹಾದಿಸುಂಕದಿಂದ.

ಹಾಗಾದರೆ ಆ ನೀರು ಬಂದದ್ದೆಲ್ಲಿಂದ? ಥಾರ್‌ನ ಜನ ನೀರನ್ನು ಮೂರು ಜಾತಿಯಾಗಿ ಎಣಿಸುತ್ತಾರೆ. ಮಳೆಯಾಗಿ ಬಿದ್ದು ನೆಲದ ಮೇಲೆ ಹರಿದು ನಿಲ್ಲುವುದು 'ಪಾಲರ್ ಪಾನಿ'. ಬಾವಿಯ ತಳದಲ್ಲಿ ಸಿಗುವುದು 'ಪಾತಾಳ ಪಾನಿ'. ಇವೆರಡರ ನಡುವೆ ಮೂರನೆಯದೊಂದಿದೆ. ಅದೇ 'ರೇಜಾಣಿ ಪಾನಿ'. ಕೆಲವು ಕಡೆ ಮರಳಿನ ಕೆಳಗೆ ಜಿಪ್ಸಂನ ಗಟ್ಟಿ ಪದರವೊಂದು ಹಾಸಿಕೊಂಡಿದೆ. ಮಳೆಯ ನೀರು ಮರಳಿನೊಳಗೆ ಇಂಗಿ, ಆ ಪದರದ ಮೇಲೆ ತಡೆದು, ತೇವವಾಗಿ ಉಳಿಯುತ್ತದೆ. ಕೆಳಗಿನ ಉಪ್ಪುನೀರಿನೊಂದಿಗೆ ಅದು ಬೆರೆಯುವುದಿಲ್ಲ. ಕಣ್ಣಿಗೆ ಕಾಣದ ಈ ತೇವವನ್ನು ಹನಿಹನಿಯಾಗಿ ಇಳಿಸಿಕೊಳ್ಳಲು ಅವರು ತೋಡುತ್ತಿದ್ದದ್ದು 'ಕುಂಯಿ' ಎಂಬ ಕಿರುಬಾವಿ. ಒಬ್ಬ ಮನುಷ್ಯ ಕುಳಿತು ಅಗೆಯುವಷ್ಟೇ ಅಗಲ. ಆದರೆ ಆಳ ಹತ್ತಾರು ಮೊಳ. ಮರಳು ಕುಸಿಯದಂತೆ ಒಳಗೋಡೆಗೆ ಹುಲ್ಲಿನ ಹಗ್ಗವನ್ನು ಸುರುಳಿ ಸುರುಳಿಯಾಗಿ ಸುತ್ತುತ್ತಾ ಇಳಿಯಬೇಕು. ಇಷ್ಟೆಲ್ಲ ಸಾಹಸದ ಕೊನೆಗೆ ದಿನಕ್ಕೆ ಸಿಗುವುದು ಎರಡೋ ಮೂರೋ ಕೊಡ ಸಿಹಿನೀರು!

ಕುಂಯಿಯ ವಿಚಾರದಲ್ಲಿ ಗಮನಿಸಬೇಕಾದ್ದು ಅದರ ಕಾನೂನು. ತೋಡಿದವನಿಗೇ ಆ ಕುಂಯಿ ಸೇರಿದ್ದು. ಅದರ ನೀರು ಅವನದೇ. ಆದರೆ ಅದು ಇರುವುದು ಊರಿನ ಜಮೀನಿನಲ್ಲಿ. ಇನ್ನೊಂದು ಕುಂಯಿ ಬೇಕೆಂದರೆ ಊರು ಒಪ್ಪಬೇಕು. ಯಾಕೆಂದರೆ ಮರಳಿನೊಳಗಿನ ತೇವ ಎಲ್ಲರಿಗೂ ಒಂದೇ. ಒಂದು ಕುಂಯಿ ಹೆಚ್ಚಾದರೆ ಉಳಿದವರೆಲ್ಲರ ಪಾಲು ಅಷ್ಟಷ್ಟು ಕಡಿಮೆ. ಸ್ವಂತದ್ದೂ ಹೌದು, ಸಾರ್ವಜನಿಕದ್ದೂ ಹೌದು. ಪಕ್ಕದವನು ಬೋರ್‌ವೆಲ್ ಕೊರೆಸಿದನೆಂದು ಅವನಿಗಿಂತ ನೂರಡಿ ಆಳಕ್ಕೆ ಕೊರೆಸುವ ಕಾಲದವರಿಗೆ ಈ ಕಾನೂನು ವಿಚಿತ್ರವಾಗಿ ಕಂಡೀತು. ಅಂತರ್ಜಲದ ಪಾಠವನ್ನು ಇದಕ್ಕಿಂತ ಸರಳವಾಗಿ ಹೇಳಿಕೊಡುವುದು ಮಾತ್ರ ಕಷ್ಟ.

ಕುಂಯಿ ಹಳ್ಳಿಯ ಮಾತಾಯಿತು. ರಾಜಧಾನಿಯ ದಾಹ ತಣಿಸಿದ್ದು ಗಡಸೀಸರ್. 14ನೇ ಶತಮಾನದಲ್ಲಿ ಮಹಾರಾವಲ್ ಗಡಸಿ ಕಟ್ಟಿಸಿದ ಕೆರೆ ಅದು. ಕಲ್ಲುನೆಲದ ವಿಶಾಲವಾದ ಜಲಾನಯನ, ಅಲ್ಲಿಂದ ಹರಿದುಬರುವ ನೀರನ್ನು ತಡೆಯುವ ಏರಿ, ತುಂಬಿದ ಮೇಲೆ ಹೆಚ್ಚಾದ ನೀರು ಹೋಗಲು ಕೋಡಿ. ಕೋಡಿಯ ನೀರೂ ಪೋಲಾಗಬಾರದಲ್ಲ? ಅದಕ್ಕಾಗಿ ಕೆಳಗೆ ಮತ್ತೊಂದು ಕೆರೆ, ಅದರ ಕೆಳಗೆ ಇನ್ನೊಂದು. ಗೋವಿಂದಸರ್, ಜೋಶಿಸರ್, ಗುಲಾಬಸರ್ ಎಂದು ಕೆರೆಗಳ ಮಾಲೆಯೇ ಇತ್ತು. ಕೆರೆಗೆ ನೀರು ಹರಿದುಬರುವ ಬಯಲಿಗೆ 'ಆಗೋರ್' ಎನ್ನುತ್ತಾರೆ. ಅಲ್ಲಿ ದನ ಮೇಯಿಸುವಂತಿಲ್ಲ, ಹೊಲಸು ಮಾಡುವಂತಿಲ್ಲ, ಚಪ್ಪಲಿ ಮೆಟ್ಟಿ ನಡೆಯುವುದಕ್ಕೂ ಜನ ಹಿಂಜರಿಯುತ್ತಿದ್ದರು. ಹೂಳು ತೆಗೆಯುವ ಕಾಲ ಬಂದರೆ 'ಲ್ಹಾಸ್' ಎಂಬ ಪದ್ಧತಿಯಂತೆ ಊರಿಗೆ ಊರೇ ಬುಟ್ಟಿ ಹಿಡಿದು ಇಳಿಯುತ್ತಿತ್ತು. ಅರಸನೂ ಮಣ್ಣು ಹೊರುವವರ ಸಾಲಿನಲ್ಲಿ ನಿಲ್ಲುತ್ತಿದ್ದನಂತೆ. ಕೂಲಿಯ ಲೆಕ್ಕ ಅಲ್ಲಿ ಇರಲಿಲ್ಲ. ಕುಡಿಯುವ ಬಾಯಿಗಳ ಲೆಕ್ಕ ಇತ್ತು.

ಗಡಸೀಸರ್‌ನ ದಂಡೆಗೆ ಹೋಗುವ ದಾರಿಯಲ್ಲಿ ಒಂದು ಚೆಂದದ ಹೆಬ್ಬಾಗಿಲಿದೆ. ಅದರ ಹೆಸರು ತೀಲೋಂ ಕೀ ಪೋಲ್. ತೀಲೋ ಎಂಬ ವೇಶ್ಯೆ ತನ್ನ ಸಂಪಾದನೆಯಿಂದ ಅದನ್ನು ಕಟ್ಟಿಸಿದಳಂತೆ. ಆಕೆ ಕಟ್ಟಿಸಿದ ಬಾಗಿಲಿನ ಕೆಳಗೆ ರಾಜಮನೆತನದ ಹೆಂಗಸರು ಹಾದುಹೋಗುವುದೇ ಎಂದು ಗೊಣಗಾಟ ಎದ್ದಿತು. ಕೆಡವಿಸುವ ಮಾತೂ ಬಂತು. ಆಕೆ ಜಾಣೆ. ರಾತ್ರೋರಾತ್ರಿ ಬಾಗಿಲಿನ ಮೇಲೊಂದು ಕೃಷ್ಣನ ಗುಡಿ ಕಟ್ಟಿಸಿಬಿಟ್ಟಳು. ಯದುವಂಶದ ಅರಸ ಕೃಷ್ಣನ ಗುಡಿಗೆ ಹಾರೆ ಹಾಕಿಸಲು ಸಾಧ್ಯವೇ? ಕಥೆಯಲ್ಲಿ ಸ್ವಲ್ಪ ಉಪ್ಪುಖಾರ ಬೆರೆತಿರಬಹುದು. ಆದರೆ ಕೆರೆ ಎಂದರೆ ಅರಸನೊಬ್ಬನ ಸೊತ್ತಲ್ಲ, ಅದರ ಪುಣ್ಯದಲ್ಲಿ ತನಗೂ ಪಾಲಿದೆ ಎಂದು ಊರಿನ ಕಟ್ಟಕಡೆಯ ವ್ಯಕ್ತಿಯೂ ಭಾವಿಸುತ್ತಿದ್ದಳು ಎಂಬುದಕ್ಕೆ ಆ ಬಾಗಿಲು ಇಂದಿಗೂ ಸಾಕ್ಷಿಯಾಗಿ ನಿಂತಿದೆ.

ನೀರಿನಂತೆಯೇ ರಾಜ್ಯಭಾರವೂ ಪಾಲುಪಾಲಾಗಿ ಹಂಚಿಹೋಗಿತ್ತು. ಸಿಂಹಾಸನ ಭಾಟಿಗಳದು; ಅವರ ಕೆಳಗೆ ಠಾಕೂರರು, ಅವರ ಕೈಯಲ್ಲಿ ದಾರಿ ಕಾಯುವ ಕತ್ತಿ. ಹಣ ಜೈನ ವರ್ತಕರದು. ಲೆಕ್ಕಪತ್ರ ಮತ್ತು ಆಡಳಿತ ಮೆಹ್ತಾ ಮನೆತನದ ದಿವಾನರದು. ಇನ್ನು ಅನ್ನ? ಅದು ಪಾಲಿವಾಲ ಬ್ರಾಹ್ಮಣರದು. ಕತ್ತಿಗೆ ಹಣ ಬೇಕು, ಹಣಕ್ಕೆ ದಾರಿ ಬೇಕು, ಎಲ್ಲರಿಗೂ ಕಾಳು ಬೇಕು, ಕಾಳಿಗೆ ನೀರು ಬೇಕು. ನಾಲ್ಕು ಕಾಲಿನ ಮಂಚ ಅದು. ಒಂದು ಕಾಲು ಮುರಿದರೆ ಉಳಿದ ಮೂರರ ಮೇಲೆ ಹಾಯಾಗಿ ಮಲಗುತ್ತೇನೆ ಎನ್ನುವವನಿಗೆ ಬೆಳಗಿನ ಹೊತ್ತಿಗೆ ಬುದ್ಧಿ ಬರುತ್ತದೆ.

ಪಾಲಿ ಎಂಬ ಊರಿನಿಂದ ವಲಸೆ ಬಂದವರಾದ್ದರಿಂದ ಅವರು ಪಾಲಿವಾಲರು. ಅವರ ಕೈಯಲ್ಲಿ ಒಂದು ವಿದ್ಯೆಯಿತ್ತು. ಅದಕ್ಕೆ 'ಖಡೀನ್' ಎಂದು ಹೆಸರು. ಕಲ್ಲುಗುಡ್ಡದ ತಪ್ಪಲಿನಲ್ಲಿ, ಇಳಿಜಾರು ಮುಗಿಯುವಲ್ಲಿ, ಉದ್ದವಾದ ಮಣ್ಣಿನ ಏರಿ ಹಾಕುವುದು. ಗುಡ್ಡದ ಮೇಲೆ ಬಿದ್ದ ಮಳೆಯೆಲ್ಲ ಹರಿದು ಬಂದು ಏರಿಯ ಹಿಂದೆ ನಿಲ್ಲುತ್ತದೆ. ಜೊತೆಗೆ ಹೊತ್ತು ತಂದ ಮೆಕ್ಕಲುಮಣ್ಣನ್ನೂ ಹರಡುತ್ತದೆ. ಹಿಂಗಾರಿನ ಹೊತ್ತಿಗೆ ನೀರು ನೆಲಕ್ಕೆ ಇಂಗಿ, ಹದವಾದ ಒದ್ದೆಮಣ್ಣು ಉಳಿಯುತ್ತದೆ. ಆಗ ಅದೇ ಜಾಗದಲ್ಲಿ ಗೋಧಿ, ಕಡಲೆ ಬಿತ್ತುತ್ತಾರೆ. ಮುಂದೆ ಒಂದು ಹನಿ ನೀರನ್ನೂ ಹಾಯಿಸದೆ ಬೆಳೆ ಕೈಗೆ ಬರುತ್ತದೆ. ಹತ್ತಾರು ಎಕರೆಯ ಮಳೆಯನ್ನು ಒಂದೆರಡು ಎಕರೆಗೆ ಕೂಡಿಹಾಕುವ ಉಪಾಯ ಇದು. ನಾಡಿಗೆ ಬೀಳುವ ಮಳೆ ಕಡಿಮೆಯಾದರೇನು, ಹೊಲಕ್ಕೆ ಬೀಳುವ ಮಳೆಯನ್ನು ಅವರು ಹೆಚ್ಚಿಸಿಕೊಂಡರು! ನೆಲ ಅರಸನದು, ದುಡಿಮೆ ಪಾಲಿವಾಲರದು. ಬೆಳೆಯಲ್ಲಿ ಒಂದು ಪಾಲು ಅರಮನೆಗೆ. ಆ ಪಾಲು ನ್ಯಾಯವಾಗಿರುವಷ್ಟು ದಿನ ಇಬ್ಬರೂ ಸುಖವಾಗಿದ್ದರು.

ವರ್ತಕರ ವೈಭವವನ್ನು ನೋಡಬೇಕೆಂದರೆ ಪೇಟೆಯ ಹವೇಲಿಗಳ ಮುಂದೆ ನಿಲ್ಲಬೇಕು. ಜರತಾರಿ ವ್ಯಾಪಾರದಿಂದ ಮೇಲೆ ಬಂದ ಪಟ್ವಾ ಮನೆತನದ ಗುಮಾನ್ ಚಂದ್ 1805ರ ಸುಮಾರಿಗೆ ಮೊದಲ ಹವೇಲಿಯ ಕೆಲಸ ಶುರುಮಾಡಿಸಿದ. ಐವರು ಮಕ್ಕಳಿಗೆ ಐದು ಹವೇಲಿಗಳು. ಎಲ್ಲ ಮುಗಿಯಲು ಸುಮಾರು ಐವತ್ತು ವರ್ಷ ಹಿಡಿಯಿತು. ಕಲ್ಲನ್ನು ಕಸೂತಿಯ ಬಟ್ಟೆಯಂತೆ ಕೆತ್ತಿದ ಆ ಜಾಲಂಧ್ರಗಳು ಬರೀ ಅಂದಕ್ಕಲ್ಲ. ಬಿಸಿಗಾಳಿಯನ್ನು ಸೋಸಿ ಒಳಗೆ ಬಿಡುವುದಕ್ಕೂ ಹೌದು. ಮಗ ಜೋರಾವರ್ ಮಲ್ ಉದಯಪುರದಲ್ಲಿ ಅರಸನಿಗೇ ಸಾಲ ಕೊಡುವಷ್ಟು ದೊಡ್ಡ ಸಾಹುಕಾರನಾದ. ಈ ವರ್ತಕರಿಗೆ ಬೇರೆ ಬೇರೆ ಊರುಗಳಲ್ಲಿ ಗದ್ದುಗೆಗಳಿದ್ದವು. ಒಂದು ಊರಿನಲ್ಲಿ ಬರೆದ ಹುಂಡಿ ಇನ್ನೊಂದು ಊರಿನಲ್ಲಿ ನಗದಾಗುತ್ತಿತ್ತು. ಕಾಗದದ ಒಂದು ಚೂರನ್ನು ನಂಬಿ ಸಾವಿರಾರು ರೂಪಾಯಿ ಎಣಿಸಿ ಕೊಡುವುದೆಂದರೆ ನಂಬಿಕೆಯೇ ಅಲ್ಲಿ ಬಂಡವಾಳ.

ಇಂಥ ರಾಜ್ಯಕ್ಕೆ ಹುಳ ಹಿಡಿದದ್ದು ಒಳಗಿನಿಂದಲೇ. ದಿವಾನ ಸ್ವರೂಪ್ ಸಿಂಗ್‌ನನ್ನು ಯುವರಾಜ ದರ್ಬಾರಿನಲ್ಲೇ ಕೊಂದಾಗ ಅವನ ಮಗ ಸಾಲಿಂ ಸಿಂಗ್ ಇನ್ನೂ ಹುಡುಗ. ಆ ಹುಡುಗ ಬೆಳೆದು ತಾನೇ ದಿವಾನನಾದ. ಮಾತು ಮೃದು, ನಡೆ ವಿನಯ, ಮನಸ್ಸು ಮಾತ್ರ ತಂದೆಯ ರಕ್ತವನ್ನು ಮರೆಯಲಿಲ್ಲ. ತನಗೆ ಆಗದವರನ್ನು ಒಬ್ಬೊಬ್ಬರನ್ನಾಗಿ ಮುಗಿಸಿದ. ಅರಸ ಹೆಸರಿಗೆ ಅರಸನಾದ. ಬ್ರಿಟಿಷ್ ಅಧಿಕಾರಿ ಜೇಮ್ಸ್ ಟಾಡ್ 1829 ಮತ್ತು 1832ರಲ್ಲಿ ಪ್ರಕಟಿಸಿದ ರಾಜಸ್ಥಾನದ ಚರಿತ್ರೆಯಲ್ಲಿ ಈ ದಿವಾನನ ಸುಲಿಗೆಯ ವಿವರಗಳಿವೆ. ಸುಂಕದ ಮೇಲೆ ಸುಂಕ, ಒಲೆಯ ಹೊಗೆಗೊಂದು ತೆರಿಗೆ, ಕೊಡಲಾರೆ ಎಂದವರಿಗೆ ದಂಡ. ದುಡ್ಡಿದ್ದ ವರ್ತಕರು ಗಂಟುಮೂಟೆ ಕಟ್ಟಿ ಬೇರೆ ಊರು ಹಿಡಿದರು. ನವಿಲಿನ ಆಕಾರದ ಚಾಚುಕಲ್ಲುಗಳಿರುವ ಸಾಲಿಂ ಸಿಂಗ್‌ನ ಹವೇಲಿ ಈಗಲೂ ಇದೆ. ಅರಮನೆಯ ಎತ್ತರಕ್ಕೆ ಸಮನಾಗಲು ಅವನು ಮೇಲೆ ಇನ್ನೆರಡು ಅಂತಸ್ತು ಏರಿಸಿದ್ದನೆಂದೂ ಅರಸ ಅದನ್ನು ಕೆಡವಿಸಿದನೆಂದೂ ಊರಿನವರು ಹೇಳುತ್ತಾರೆ.

1818ರಲ್ಲಿ ಜೈಸಲ್ಮೇರ್ ಈಸ್ಟ್ ಇಂಡಿಯಾ ಕಂಪನಿಯೊಂದಿಗೆ ಒಪ್ಪಂದ ಮಾಡಿಕೊಂಡಿತು. ಹೊರಗಿನ ಶತ್ರುವಿನ ಭಯ ತಪ್ಪಿತು. ಆದರೆ ಭಯ ತಪ್ಪಿದ್ದು ಅರಮನೆಗೆ, ಪ್ರಜೆಗಲ್ಲ. ಹೊರಗಿನಿಂದ ಬರುವವರನ್ನು ಎದುರಿಸಲು ಒಳಗಿನವರ ಪ್ರೀತಿ ಬೇಕಾಗುತ್ತದೆ. ಆ ಅಗತ್ಯವೇ ಇಲ್ಲವಾದ ಮೇಲೆ ಸುಲಿಯುವವನ ಕೈ ಹಿಡಿಯುವವರು ಯಾರು?

ಪೆಟ್ಟು ಬಿದ್ದದ್ದು ಪಾಲಿವಾಲರ ಮೇಲೆ. ಪಟ್ಟಣದಿಂದ 18 ಕಿಲೋಮೀಟರ್ ದೂರದಲ್ಲಿ ಕುಲಧರಾ ಎಂಬ ಅವರ ಊರು ಇಂದು ಹಾಳುಬಿದ್ದಿದೆ. ನೇರವಾದ ಬೀದಿಗಳು, ಸಾಲು ಮನೆಗಳ ಗೋಡೆಗಳು, ನಡುವೆ ಒಂದು ಗುಡಿ. ಮಾಡುಗಳಿಲ್ಲ, ಮನುಷ್ಯರಿಲ್ಲ. ದಿವಾನ ಊರಿನ ಮುಖಂಡನ ಮಗಳ ಮೇಲೆ ಕಣ್ಣುಹಾಕಿದನೆಂದೂ, ಮಾನ ಉಳಿಸಿಕೊಳ್ಳಲು 84 ಹಳ್ಳಿಗಳ ಪಾಲಿವಾಲರು ಒಂದೇ ರಾತ್ರಿಯಲ್ಲಿ ಊರು ಬಿಟ್ಟರೆಂದೂ, ಇಲ್ಲಿ ಇನ್ನು ಯಾರೂ ಬಾಳದಿರಲಿ ಎಂದು ಶಾಪ ಹಾಕಿ ಹೋದರೆಂದೂ ಪ್ರತೀತಿ. ಪ್ರವಾಸಿಗರಿಗೆ ದೆವ್ವದ ಕಥೆಯೂ ಬೋನಸ್ಸಾಗಿ ಸಿಗುತ್ತದೆ. ಇತಿಹಾಸಕಾರರು ಇದನ್ನು ಪೂರ್ತಿ ಒಪ್ಪುವುದಿಲ್ಲ. ಊರು ಖಾಲಿಯಾದದ್ದು ಒಂದು ರಾತ್ರಿಯಲ್ಲಲ್ಲ, 19ನೇ ಶತಮಾನದುದ್ದಕ್ಕೂ ಸ್ವಲ್ಪ ಸ್ವಲ್ಪವಾಗಿ. ತೆರಿಗೆಯ ಭಾರ, ಬಾವಿಗಳ ನೀರು ಕಡಿಮೆಯಾದದ್ದು ಎರಡೂ ಕಾರಣ ಎನ್ನುತ್ತಾರೆ. ಭೂಕಂಪ ಆಗಿರಬಹುದೆಂದು ಹೇಳುವ ವಿಜ್ಞಾನಿಗಳೂ ಇದ್ದಾರೆ.

ಒಂದೇ ರಾತ್ರಿಯಾದರೂ ಸರಿ, ಐವತ್ತು ವರ್ಷವಾದರೂ ಸರಿ, ಫಲ ಒಂದೇ. ನೀರನ್ನು ಹೊಲಕ್ಕೆ ಕರೆತರುವುದು ಗೊತ್ತಿದ್ದವರು ಹೊರಟುಹೋದರು. ಹೊಲ, ಬಾವಿ, ಮನೆ ಎಲ್ಲವನ್ನೂ ಅಧಿಕಾರ ಜಪ್ತಿ ಮಾಡಬಹುದು. ಯಾವ ಇಳಿಜಾರಿನಲ್ಲಿ ಏರಿ ಹಾಕಬೇಕು, ಯಾವ ದಿನ ನೀರು ಬಿಡಬೇಕು, ಮಣ್ಣು ಯಾವಾಗ ಬೀಜಕ್ಕೆ ಹದವಾಯಿತು ಎಂಬ ತಿಳಿವಳಿಕೆಯನ್ನು ಜಪ್ತಿ ಮಾಡಲಾಗದು. ಅದು ಮನುಷ್ಯರ ತಲೆಯಲ್ಲಿ ಕುಳಿತು, ಅವರೊಂದಿಗೇ ಗಾಡಿ ಹತ್ತಿ ಹೋಗುತ್ತದೆ. ಸಾಲಿಂ ಸಿಂಗ್ 1824ರಲ್ಲಿ ಸತ್ತ. ಅವನು ಕೂಡಿಹಾಕಿದ ಹಣ ಏನಾಯಿತೋ ಏನೋ, ಅವನಿಂದಾಗಿ ಕಳೆದುಹೋದದ್ದು ಮಾತ್ರ ತಿರುಗಿ ಬರಲಿಲ್ಲ.

ಎಲ್ಲ ಪಾಪವನ್ನೂ ಒಬ್ಬ ದಿವಾನನ ತಲೆಗೆ ಕಟ್ಟುವುದು ನ್ಯಾಯವಲ್ಲ. ಬ್ರಿಟಿಷರು 1843ರಲ್ಲಿ ಸಿಂಧ್ ಪ್ರಾಂತವನ್ನು ಗೆದ್ದ ಮೇಲೆ ಅಫೀಮಿನ ಹಾದಿ ಮುಚ್ಚಿತು. ಮುಂಬಯಿ ಬಂದರು ಬೆಳೆಯಿತು, ರೈಲು ಬಂತು. ಹಡಗು ಮತ್ತು ರೈಲಿನ ಮುಂದೆ ಒಂಟೆ ಎಷ್ಟು ದಿನ ಓಡೀತು? 1899-1900ರ ಭೀಕರ ಬರಗಾಲವನ್ನು ಅಲ್ಲಿನವರು 'ಛಪ್ಪನಿಯಾ' ಎಂದು ಇಂದಿಗೂ ನೆನೆಯುತ್ತಾರೆ; ವಿಕ್ರಮ ಶಕ 1956ರಲ್ಲಿ ಬಂದದ್ದರಿಂದ ಆ ಹೆಸರು. ಕೆರೆ, ಕುಂಯಿಗಳಿಗೂ ಒಂದು ಮಿತಿ ಇದೆ ಎಂದು ಆ ಬರ ತೋರಿಸಿತು. 1947ರಲ್ಲಿ ದೇಶ ಎರಡಾದಾಗ ಸಿಂಧ್ ಕಡೆಯ ಹಳೆಯ ದಾರಿಗೆ ಗಡಿಯ ಬೇಲಿ ಬಿತ್ತು. ಜಗತ್ತಿನ ನಡುವೆ ಇದ್ದ ಊರು ದೇಶದ ಕೊನೆಯ ಊರಾಯಿತು. 1949ರಲ್ಲಿ ಜೈಸಲ್ಮೇರ್ ರಾಜಸ್ಥಾನದಲ್ಲಿ ವಿಲೀನವಾಯಿತು.

ಹಳೆಯದೆಲ್ಲ ಬಂಗಾರವೆಂದು ಕಣ್ಣು ಮುಚ್ಚಿ ಹೊಗಳಬೇಕಾಗಿಯೂ ಇಲ್ಲ. ಎಲ್ಲರ ಕೊಡಕ್ಕೂ ಒಂದೇ ಘಟ್ಟ ಇರಲಿಲ್ಲ. ಜಾತಿಯ ಗೆರೆ ನೀರಿನ ಅಂಚಿನವರೆಗೂ ಇಳಿದಿತ್ತು. ಮೈಲಿಗಟ್ಟಲೆ ನಡೆದು ನೀರು ಹೊತ್ತವರು ಹೆಂಗಸರು. ಆ ಕೆರೆಗಳಿಗೆ ಅರಸರ ಹೆಸರಿದೆ, ಹೊತ್ತ ತಲೆಗಳಿಗೆ ಹೆಸರಿಲ್ಲ. ತಲೆಯ ಮೇಲಿನ ಆ ಕೊಡವನ್ನು ಇಳಿಸಿದ್ದು ಹೊಸ ಕಾಲದ ನಲ್ಲಿ. ಪಂಜಾಬಿನಲ್ಲಿ ಸಟ್ಲೆಜ್ ಮತ್ತು ಬಿಯಾಸ್ ಸೇರುವ ಹರೀಕೆಯಿಂದ ಹೊರಟ ಕಾಲುವೆಯ ಕೆಲಸ 1958ರಲ್ಲಿ ಆರಂಭವಾಯಿತು. ಸುಮಾರು 650 ಕಿಲೋಮೀಟರ್ ಹರಿದು, 1987ರಲ್ಲಿ ಹಿಮಾಲಯದ ನೀರು ಜೈಸಲ್ಮೇರ್ ಜಿಲ್ಲೆಯ ಮರಳನ್ನು ಮುಟ್ಟಿತು. ಇಂದಿರಾ ಗಾಂಧಿ ಕಾಲುವೆ ಎಂದು ಹೆಸರು ಪಡೆದ ಈ ಸಾಹಸ ಲಕ್ಷಾಂತರ ಜನರ ಬದುಕನ್ನು ಬದಲಿಸಿತು ಎಂಬುದರಲ್ಲಿ ಎರಡು ಮಾತಿಲ್ಲ.

ಆದರೆ ನೀರು ಬಂದಷ್ಟು ಬೇಗ ನೀರಿನ ಬುದ್ಧಿ ಬರಲಿಲ್ಲ. ಕಾಲುವೆಯ ಮೇಲುಭಾಗದ ಹಳ್ಳಿಗಳಲ್ಲಿ ಬೇಕಾಬಿಟ್ಟಿ ನೀರು ಹಾಯಿಸಿದ್ದರಿಂದ ಹೊಲಗಳು ಜೌಗಾದವು, ಉಪ್ಪು ಮೇಲೆದ್ದಿತು. ಕೆಳಗಿದ್ದ ಜಿಪ್ಸಂ ಪದರ ನೀರನ್ನು ಇಂಗಲು ಬಿಡಲಿಲ್ಲ. ಯಾವ ಪದರ ಕುಂಯಿ ತೋಡುವವರಿಗೆ ವರವಾಗಿತ್ತೋ ಅದೇ ಇಲ್ಲಿ ಶಾಪವಾಯಿತು. 2006ರ ಆಗಸ್ಟ್‌ನಲ್ಲಿ ನೆರೆಯ ಬಾಡಮೇರ್ ಜಿಲ್ಲೆಯಲ್ಲಿ ಭಾರಿ ಮಳೆಯಾದಾಗ ಕವಾಸ್ ಎಂಬ ಊರಿನಲ್ಲಿ ನೆರೆನೀರು ವಾರಗಟ್ಟಲೆ ಇಳಿಯದೆ ನಿಂತಿತು. ಕಾರಣ ಅದೇ ಜಿಪ್ಸಂ.

ಎಲ್ಲಕ್ಕಿಂತ ಸೋಜಿಗದ ಸಂಗತಿ ಕೋಟೆಯದು. ಜೈಸಲ್ಮೇರ್ ಕೋಟೆಯ ಒಳಗೆ ಸಾವಿರಾರು ಜನ ಇಂದಿಗೂ ಮನೆ ಮಾಡಿಕೊಂಡಿದ್ದಾರೆ. 2013ರಲ್ಲಿ ಯುನೆಸ್ಕೊ ಅದನ್ನು ರಾಜಸ್ಥಾನದ ಗಿರಿದುರ್ಗಗಳ ಜೊತೆ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಸುಲ್ತಾನರ ಮುತ್ತಿಗೆಯನ್ನು ಕಂಡ, ಎಂಟು ಶತಮಾನದ ಬಿರುಗಾಳಿಗೆ ಬಗ್ಗದ ಆ ಕೋಟೆಯ ಬುರುಜುಗಳು 1990ರ ದಶಕದಲ್ಲಿ ಕುಸಿಯತೊಡಗಿದವು. ಕುಸಿಯುವಂತೆ ಮಾಡಿದ್ದು ಫಿರಂಗಿಯಲ್ಲ, ನಲ್ಲಿ ನೀರು. ಕೊಡದಲ್ಲಿ ಹೊತ್ತು ತಂದ ನೀರಿಗೆಂದು ಕಟ್ಟಿದ ಮನೆಗಳು ಅವು. ಅಲ್ಲಿನ ಬಚ್ಚಲು, ಮೋರಿ, ಗೋಡೆ ಎಲ್ಲದರ ಲೆಕ್ಕವೂ ಕೊಡದ ಲೆಕ್ಕ. ಕೊಳಾಯಿ ಬಂದು, ಪ್ರವಾಸಿಗರು ಬಂದು, ಹೋಟೆಲುಗಳಾಗಿ, ಷವರ್‌ಗಳು ಸುರಿಯತೊಡಗಿದಾಗ ಬಳಸಿ ಚೆಲ್ಲಿದ ನೀರು ಗುಡ್ಡದ ಹೊಟ್ಟೆಗೆ ಇಳಿಯಿತು. ಒಳಗಿನ ಜೇಡಿಪದರ ನೆನೆದು ಉಬ್ಬಿ, ಮೇಲಿನ ಕಲ್ಲನ್ನು ಜಾರಿಸಿತು. ಆಮೇಲೆ ಚರಂಡಿ ದುರಸ್ತಿ, ಗೋಡೆಗಳ ಜೀರ್ಣೋದ್ಧಾರ ನಡೆಯಿತು. ನೀರಿಲ್ಲದೆ ಎಂಟುನೂರು ವರ್ಷ ಬಾಳಿದ ಕೋಟೆಗೆ ನೀರಿನಿಂದಲೇ ಅಪಾಯ ಬಂದದ್ದು ಕಾದಂಬರಿಕಾರನ ಕಲ್ಪನೆಗೂ ಮೀರಿದ್ದು.

ಗಾಂಧಿವಾದಿ ಅನುಪಮ್ ಮಿಶ್ರ ಈ ಕೆರೆ, ಕುಂಯಿಗಳ ದಾರಿಯಲ್ಲಿ ವರ್ಷಗಟ್ಟಲೆ ಅಲೆದು 1993ರಲ್ಲಿ ಹಿಂದಿಯಲ್ಲಿ 'ಆಜ್ ಭೀ ಖರೇ ಹೈಂ ತಾಲಾಬ್' ಎಂಬ ಪುಸ್ತಕ ತಂದರು. ಅದರ ಹಕ್ಕುಸ್ವಾಮ್ಯವನ್ನು ತಾವು ಇಟ್ಟುಕೊಳ್ಳಲಿಲ್ಲ. ಯಾರು ಬೇಕಾದರೂ ಅಚ್ಚುಹಾಕಿ ಹಂಚಬಹುದು ಎಂದರು. ಮಿಶ್ರ 2016ರಲ್ಲಿ ತೀರಿಕೊಂಡರು. ಪುಸ್ತಕ ಮಾತ್ರ ಕೈಯಿಂದ ಕೈಗೆ ಹರಿಯುತ್ತಲೇ ಇದೆ. ಊರಿನವರ ತಿಳಿವಳಿಕೆಯ ಬಗ್ಗೆ ಬರೆದವರು ಅದಕ್ಕೆ ಬೀಗ ಹಾಕಲಿಲ್ಲ ಎಂಬುದು ಸಣ್ಣ ಮಾತಲ್ಲ.

ಮಕ್ಕಳು ಭೂಗೋಳದಲ್ಲಿ 'ಮರುಭೂಮಿ ಎಂದರೆ ನೀರಿಲ್ಲದ ಪ್ರದೇಶ' ಎಂದು ಬರೆದರೆ ಪೂರ್ತಿ ಅಂಕ ಸಿಗುತ್ತದೆ, ಸಿಗಲಿ. ಮನೆಗೆ ಬಂದ ಮೇಲೆ ತಂದೆತಾಯಿ ಇನ್ನೊಂದು ಪ್ರಶ್ನೆ ಕೇಳಬಹುದು. ನೀರಿಲ್ಲದ ಕಡೆ ಅಷ್ಟು ಜನ, ಅಷ್ಟು ವರ್ಷ, ಅಷ್ಟು ಚೆಂದದ ಊರು ಕಟ್ಟಿಕೊಂಡು ಬಾಳಿದ್ದು ಹೇಗೆ? ಉತ್ತರಕ್ಕೆ ಇಸವಿಗಳು ಸಾಲುವುದಿಲ್ಲ. ಮಳೆಯ ಲೆಕ್ಕ, ಮಣ್ಣಿನ ಗುಣ, ಸುಂಕದ ನ್ಯಾಯ, ನೆರೆಯವನ ಪಾಲು, ಎಲ್ಲವನ್ನೂ ಕೂಡಿಸಬೇಕಾಗುತ್ತದೆ. ಗಣಿತ, ವಿಜ್ಞಾನ, ಸಮಾಜ ಮೂರೂ ಒಂದೇ ಪ್ರಶ್ನೆಯಲ್ಲಿ ಬಂದುಬಿಡುತ್ತವೆ.

ಜೈಸಲ್ಮೇರ್‌ನ ಬಯಲಿನಲ್ಲಿ ಪಾಲಿವಾಲರ ಕೆಲವು ಖಡೀನ್‌ಗಳು ಇಂದಿಗೂ ಉಳಿದಿವೆ. ಬೇರೆ ರೈತರು ಅವುಗಳಲ್ಲಿ ಬಿತ್ತುತ್ತಾರೆ. ಒಳ್ಳೆಯ ಮಳೆಯಾದ ವರ್ಷ, ಸುತ್ತಲೂ ಮರಳು ಹಳದಿಗಟ್ಟಿರುವಾಗ, ಏರಿಯ ಹಿಂದೆ ಮಾತ್ರ ಗೋಧಿ ಹಸಿರಾಗಿ ನಿಲ್ಲುತ್ತದೆ. ಅದನ್ನು ಕಟ್ಟಿದವರ ಹೆಸರು ಬಿತ್ತುವವರಿಗೆ ಗೊತ್ತಿರಬಹುದು, ಗೊತ್ತಿಲ್ಲದಿರಬಹುದು. ಏರಿ ಮಾತ್ರ ಪ್ರತಿ ಮಳೆಗಾಲವೂ ತನ್ನ ಕೆಲಸ ಮಾಡುತ್ತಲೇ ಇದೆ.